ತಂಡದಲ್ಲಿ ಗಿಟ್: ರಿಮೋಟ್ ಬ್ರಾಂಚ್‌ಗಳನ್ನು ಸಂಭಾಳಿಸುವುದು ಹೇಗೆ

"ಆ ಬ್ರಾಂಚ್ ಡಿಲೀಟ್ ಮಾಡಿದೀನಿ ಅಂದ್ರಲ್ಲ, ನನಗಿನ್ನೂ ಕಾಣಿಸ್ತಾ ಇದೆಯಲ್ಲ?" ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಉಪಕರಣವಾದ ಗಿಟ್ ಬಳಸುವ ಯಾವ ತಂಡದಲ್ಲೂ ಈ ಮಾತು ಒಮ್ಮೆಯಾದರೂ ಬಂದೇ ಬರುತ್ತದೆ. ಅಳಿಸಿದವರು ಹೇಳುವುದೂ ನಿಜ, ಕಾಣುತ್ತಿದೆ ಎನ್ನುವವರದೂ ನಿಜ. ಬ್ರಾಂಚ್ ಎಂದರೆ ಉಳಿದ ಕೆಲಸದಿಂದ ಬೇರೆಯಾಗಿ ಸಾಗುವ ಒಂದು ಕವಲು. ಅದನ್ನು ಅಳಿಸಿದ್ದು ಸರ್ವರ್‌ನಲ್ಲಿ. ಕಾಣುತ್ತಿರುವುದು ಇವರ ಯಂತ್ರದಲ್ಲಿ ಉಳಿದುಕೊಂಡಿರುವ ಹಳೇ ಸುದ್ದಿ. ರಿಮೋಟ್ ಬ್ರಾಂಚ್‌ಗಳ ವಿಷಯದಲ್ಲಿ ನಾನು ಕಂಡ ಗೊಂದಲಗಳಲ್ಲಿ ಹೆಚ್ಚಿನವು ಸರ್ವರ್‌ಗೂ ಸರ್ವರ್ ಬಗೆಗಿನ ಸುದ್ದಿಗೂ ಇರುವ ಈ ವ್ಯತ್ಯಾಸ ಮರೆತದ್ದರಿಂದಲೇ ಆದವು.

ಅದನ್ನು ಕೈಯಲ್ಲಿ ಹಿಡಿದುಕೊಂಡೇ ದಿನನಿತ್ಯದ ಕೆಲಸಗಳನ್ನು ಒಂದೊಂದಾಗಿ ನೋಡೋಣ. ಕಮಾಂಡ್‌ಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು ಎಂದು ಬೇರೆ ಹೇಳಬೇಕಿಲ್ಲ.

## ಹೆಸರು ಒಂದೇ, ಬ್ರಾಂಚ್ ಮೂರು

2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ಕೂತದ್ದು ಲಿನಕ್ಸ್ ಕರ್ನಲ್‌ನ ಕೆಲಸಕ್ಕಾಗಿ. ಅದುವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಉಪಕರಣದ ಉಚಿತ ಬಳಕೆಗೆ ಅವಕಾಶ ತಪ್ಪಿತ್ತು. ಹೊಸ ಉಪಕರಣದಲ್ಲಿ ಪ್ರತಿಯೊಬ್ಬ ಡೆವಲಪರ್ ಬಳಿಯೂ ಪೂರ್ತಿ ಇತಿಹಾಸದ ಪ್ರತಿ ಇರುತ್ತದೆ, ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಈ ಅನುಕೂಲಕ್ಕೆ ತೆರುವ ಬೆಲೆಯೆಂದರೆ, ಗಿಟ್ ತಾನಾಗಿ ಸರ್ವರ್ ಹತ್ತಿರ ಹೋಗಿ ಏನನ್ನೂ ವಿಚಾರಿಸುವುದಿಲ್ಲ. ನೀವು ಹೋಗು ಎಂದಾಗ ಮಾತ್ರ ಹೋಗುತ್ತದೆ.

ಹಾಗಾಗಿ "ಮೇನ್ ಬ್ರಾಂಚ್" ಎಂದು ನಾವು ಸಲೀಸಾಗಿ ಹೇಳುವಾಗ ಅಲ್ಲಿ ಮೂರು ಬೇರೆ ಬೇರೆ ವಸ್ತುಗಳಿರುತ್ತವೆ. ಸರ್ವರ್‌ನಲ್ಲಿರುವ ಮೇನ್ ಒಂದು. ನಿಮ್ಮ ಯಂತ್ರದಲ್ಲಿ ನೀವು ಕಮಿಟ್ ಮಾಡುವ, ಅಂದರೆ ಬದಲಾವಣೆಗಳನ್ನು ದಾಖಲಿಸುವ ಮೇನ್ ಇನ್ನೊಂದು. ಮೂರನೆಯದು `ಒರಿಜಿನ್/ಮೇನ್`. ಇದೂ ನಿಮ್ಮ ಯಂತ್ರದಲ್ಲೇ ಇರುವಂಥದ್ದು. ಕಳೆದ ಸಲ ಸರ್ವರ್ ಜೊತೆ ಮಾತಾಡಿದಾಗ ಅಲ್ಲಿನ ಮೇನ್ ಯಾವ ಕಮಿಟ್ ಮೇಲಿತ್ತು ಎಂಬ ಗುರುತು ಅಷ್ಟೇ. ಇದಕ್ಕೆ ರಿಮೋಟ್ ಟ್ರ್ಯಾಕಿಂಗ್ ಬ್ರಾಂಚ್ ಎನ್ನುತ್ತಾರೆ. ಫೆಚ್ (ಸರ್ವರ್‌ನಿಂದ ಹೊಸದನ್ನು ತರುವುದು), ಪುಲ್ (ತಂದು ನಿಮ್ಮ ಬ್ರಾಂಚಿಗೆ ಸೇರಿಸುವುದು) ಅಥವಾ ಪುಶ್ (ನಿಮ್ಮದನ್ನು ಸರ್ವರ್‌ಗೆ ಕಳಿಸುವುದು) ಮಾಡಿದಾಗ ಮಾತ್ರ ಈ ಗುರುತು ಜರುಗುತ್ತದೆ. ಶುಕ್ರವಾರ ಸಂಜೆ ಫೆಚ್ ಮಾಡಿ ಸೋಮವಾರ ಬೆಳಿಗ್ಗೆ ನೋಡಿದರೆ ಕಾಣುವುದು ಶುಕ್ರವಾರದ ಸುದ್ದಿ.

ಒರಿಜಿನ್ ಎಂಬ ಹೆಸರಿಗೂ ವಿಶೇಷ ಅಧಿಕಾರವೇನಿಲ್ಲ. ಕ್ಲೋನ್ ಮಾಡಿದ, ಅಂದರೆ ಪೂರ್ತಿ ಪ್ರತಿ ಇಳಿಸಿಕೊಂಡ ವಿಳಾಸಕ್ಕೆ ಗಿಟ್ ತಾನೇ ಇಡುವ ಅಡ್ಡಹೆಸರು ಅದು. ಇಂಥ ದೂರದ ವಿಳಾಸವನ್ನೇ ರಿಮೋಟ್ ಎನ್ನುವುದು. `ಗಿಟ್ ರಿಮೋಟ್ -ವಿ` ಎಂದರೆ ಆ ಹೆಸರಿನ ಹಿಂದಿರುವ ವಿಳಾಸ ಕಾಣುತ್ತದೆ. ಬೇರೆಯವರ ಯೋಜನೆಯನ್ನು ಫೋರ್ಕ್ ಮಾಡಿಕೊಂಡು (ಸರ್ವರ್‌ನಲ್ಲಿ ತಮ್ಮದೇ ಪ್ರತಿ ಮಾಡಿಕೊಂಡು) ಕೆಲಸ ಮಾಡುವವರು ಮೂಲ ಯೋಜನೆಯ ವಿಳಾಸವನ್ನು `ಗಿಟ್ ರಿಮೋಟ್ ಆ್ಯಡ್` ಬಳಸಿ ಇನ್ನೊಂದು ರಿಮೋಟ್ ಆಗಿ ಸೇರಿಸಿಕೊಳ್ಳುತ್ತಾರೆ; ಅದಕ್ಕೆ ಅಪ್‌ಸ್ಟ್ರೀಮ್ ಎಂದು ಹೆಸರಿಡುವುದು ರೂಢಿ.

## ಮೊದಲು ವಿಚಾರಿಸಿ, ಆಮೇಲೆ ನೋಡಿ

ಕೆಲಸ ಶುರು ಮಾಡುವ ಮುಂಚೆ `ಗಿಟ್ ಫೆಚ್`. ಇದರಿಂದ ನಿಮ್ಮ ಫೈಲ್‌ಗಳಿಗಾಗಲಿ ನಿಮ್ಮ ಸ್ವಂತ ಬ್ರಾಂಚ್‌ಗಳಿಗಾಗಲಿ ಏನೂ ಆಗುವುದಿಲ್ಲ. ಹೊಸ ಕಮಿಟ್‌ಗಳನ್ನು ಇಳಿಸಿಕೊಂಡು, ಒರಿಜಿನ್ ಸಾಲಿನ ಗುರುತುಗಳನ್ನು ಸರಿಸುತ್ತದೆ, ಅಷ್ಟೇ. ಅರ್ಧ ಬರೆದ ಕೋಡ್ ಮುಂದಿಟ್ಟುಕೊಂಡೂ ಧೈರ್ಯವಾಗಿ ಮಾಡಬಹುದು.

ಆಮೇಲೆ `ಗಿಟ್ ಬ್ರಾಂಚ್ -ವಿವಿ`. ವಿ ಎರಡು ಸಲ. ಒಂದೇ ವಿ ಹಾಕಿದರೆ ಯಾವ ಬ್ರಾಂಚ್ ಯಾವುದನ್ನು ಹಿಂಬಾಲಿಸುತ್ತಿದೆ ಎಂಬ ಹೆಸರು ಬರುವುದಿಲ್ಲ. ಪ್ರತಿ ಸಾಲಿನ ಚೌಕ ಆವರಣದಲ್ಲಿ ಆ ಹೆಸರು, ಜೊತೆಗೆ "ಅಹೆಡ್ 2, ಬಿಹೈಂಡ್ 3" ಎಂಬಂಥ ಲೆಕ್ಕ ಇರುತ್ತದೆ. ನಿಮ್ಮಲ್ಲಿದ್ದು ಅಲ್ಲಿಲ್ಲದ ಕಮಿಟ್ ಎರಡು, ಅಲ್ಲಿದ್ದು ನಿಮ್ಮಲ್ಲಿಲ್ಲದ್ದು ಮೂರು ಎಂದು ಓದಿಕೊಳ್ಳಿ. ಈ ಲೆಕ್ಕವೂ ಹಳೇ ಗುರುತಿನ ಮೇಲೆಯೇ ನಡೆಯುತ್ತದೆ. ಫೆಚ್ ಮಾಡದೆ `ಗಿಟ್ ಸ್ಟೇಟಸ್` ಕೊಟ್ಟು "ಅಪ್ ಟು ಡೇಟ್" ಎಂಬ ಉತ್ತರ ಕಂಡು ಸಮಾಧಾನಪಟ್ಟುಕೊಂಡರೆ, ಅದು ನಿಮ್ಮ ಯಂತ್ರ ನಿಮ್ಮ ಯಂತ್ರದ ಬಗ್ಗೆಯೇ ಕೊಟ್ಟ ಸರ್ಟಿಫಿಕೇಟ್.

ಬಂದಿರುವುದೇನು ಎಂದು ನೋಡಲು `ಗಿಟ್ ಲಾಗ್ ಮೇನ್..ಒರಿಜಿನ್/ಮೇನ್`. ನಡುವೆ ಚುಕ್ಕೆ ಎರಡು. ಏನನ್ನೂ ಇಳಿಸಿಕೊಳ್ಳದೆ ಈ ಕ್ಷಣ ಸರ್ವರ್‌ನಲ್ಲಿ ಯಾವ ಯಾವ ಬ್ರಾಂಚ್ ಇವೆ ಎಂದು ನೇರವಾಗಿ ಕೇಳಬೇಕಾದರೆ `ಗಿಟ್ ಎಲ್‌ಎಸ್-ರಿಮೋಟ್ --ಹೆಡ್ಸ್ ಒರಿಜಿನ್`. "ನನ್ನಲ್ಲಿದೆ, ನಿನ್ನಲ್ಲಿಲ್ಲ" ಎಂಬ ವಾದ ಎದ್ದಾಗ ಪಂಚಾಯ್ತಿ ಮಾಡಲು ಈ ಒಂದು ಕಮಾಂಡ್ ಸಾಕು.

ಪುಲ್ ಎಂದರೆ ಫೆಚ್ ಜೊತೆಗೆ ಮರ್ಜ್, ಅಥವಾ ಫೆಚ್ ಜೊತೆಗೆ ರೀಬೇಸ್. ಮರ್ಜ್ ಎರಡೂ ಕಡೆಯ ಕೆಲಸವನ್ನು ಕೂಡಿಸುತ್ತದೆ, ರೀಬೇಸ್ ನಿಮ್ಮ ಕಮಿಟ್‌ಗಳನ್ನು ಅಲ್ಲಿನವುಗಳ ಮೇಲೆ ಹೊಸದಾಗಿ ಕೂರಿಸುತ್ತದೆ. ಎರಡರಲ್ಲಿ ಯಾವುದು ಎಂದು ನೀವು ಮೊದಲೇ ಹೇಳಿಡದಿದ್ದರೆ, ಎರಡೂ ಕಡೆ ಹೊಸ ಕಮಿಟ್‌ಗಳಿರುವಾಗ 2.33ನೇ ಆವೃತ್ತಿಯಿಂದೀಚೆಗೆ ಗಿಟ್ ಮುಂದುವರಿಯದೆ ತಪ್ಪು ಎಂದು ನಿಂತುಬಿಡುತ್ತದೆ. ಆ ಸಂದೇಶ ಕಂಡು ಗಾಬರಿಯಾಗಿ, ಹುಡುಕಿದಾಗ ಮೊದಲು ಸಿಕ್ಕ ಸಾಲನ್ನು ಅಂಟಿಸುವವರೇ ಜಾಸ್ತಿ. ನನ್ನ ಆಯ್ಕೆ `ಗಿಟ್ ಕಾನ್ಫಿಗ್ --ಗ್ಲೋಬಲ್ ಪುಲ್.ಎಫ್‌ಎಫ್ ಓನ್ಲಿ`. ನೇರವಾಗಿ ಮುಂದೆ ಸಾಗಲು ಸಾಧ್ಯವಿದ್ದರೆ ಸಾಗು, ಇಲ್ಲದಿದ್ದರೆ ನಿಲ್ಲು, ಮರ್ಜೋ ರೀಬೇಸೋ ನಾನು ನೋಡಿಕೊಳ್ಳುತ್ತೇನೆ ಎಂದು ಇದರರ್ಥ. ಒಂದೆರಡು ಕಮಾಂಡ್ ಹೆಚ್ಚಾಗುತ್ತವೆ, ನಿಜ. ಆದರೆ ನನಗೆ ಗೊತ್ತಿಲ್ಲದೆ ಹುಟ್ಟಿದ ಮರ್ಜ್ ಕಮಿಟ್ ಒಂದೂ ಇರುವುದಿಲ್ಲ.

## ಬೇರೆಯವರ ಬ್ರಾಂಚ್‌ನಲ್ಲಿ ಕೂರುವುದು

ಸಹೋದ್ಯೋಗಿಯೊಬ್ಬರು `ಲಾಗಿನ್-ಫಿಕ್ಸ್` ಎಂಬ ಬ್ರಾಂಚ್ ಪುಶ್ ಮಾಡಿದ್ದಾರೆ, ನೀವು ಪರೀಕ್ಷಿಸಬೇಕು. ಫೆಚ್ ಮಾಡಿ, `ಗಿಟ್ ಸ್ವಿಚ್ ಲಾಗಿನ್-ಫಿಕ್ಸ್` ಎನ್ನಿ. ಆ ಹೆಸರಿನ ಬ್ರಾಂಚ್ ನಿಮ್ಮಲ್ಲಿಲ್ಲ, ಒಂದೇ ಒಂದು ರಿಮೋಟ್‌ನಲ್ಲಿ ಇದೆ ಎಂದಾದರೆ ಗಿಟ್ ತಾನೇ ನಿಮ್ಮಲ್ಲೊಂದು ಬ್ರಾಂಚ್ ಹುಟ್ಟಿಸಿ ಅದಕ್ಕೆ ಜೋಡಿಸುತ್ತದೆ. ಎರಡು ರಿಮೋಟ್‌ಗಳಲ್ಲಿ ಅದೇ ಹೆಸರಿದ್ದರೆ ಯಾವುದೆಂದು ತಿಳಿಯದೆ ಕೈಚೆಲ್ಲುತ್ತದೆ. ಆಗ `ಗಿಟ್ ಸ್ವಿಚ್ --ಟ್ರ್ಯಾಕ್ ಒರಿಜಿನ್/ಲಾಗಿನ್-ಫಿಕ್ಸ್` ಎಂದು ಬಿಡಿಸಿ ಹೇಳಬೇಕು. ಸ್ವಿಚ್ ಬಂದದ್ದು 2019ರ 2.23ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಗಿಟ್ ಇದ್ದರೆ ಚೆಕ್‌ಔಟ್ ಬಳಸಿ.

ಚೆಕ್‌ಔಟ್ ಬಳಸುವವರಿಗೆ ಒಂದು ಎಚ್ಚರಿಕೆ. `ಗಿಟ್ ಚೆಕ್‌ಔಟ್ ಒರಿಜಿನ್/ಲಾಗಿನ್-ಫಿಕ್ಸ್` ಎಂದು ಪೂರ್ತಿ ಹೆಸರು ಕೊಟ್ಟರೆ ಯಾವ ಬ್ರಾಂಚಿನಲ್ಲೂ ಇಲ್ಲದ ಸ್ಥಿತಿಗೆ ಹೋಗುತ್ತೀರಿ. ಅದು ಗುರುತು ಮಾತ್ರವಲ್ಲವೇ, ಅದರ ಮೇಲೆ ಕೂತು ಕಮಿಟ್ ಮಾಡಿದರೆ ಆ ಕಮಿಟ್ ಯಾವ ಬ್ರಾಂಚಿಗೂ ಸೇರುವುದಿಲ್ಲ. ಡಿಟ್ಯಾಚ್ಡ್ ಹೆಡ್ ಎಂದು ಗಿಟ್ ಉದ್ದಕ್ಕೆ ಬುದ್ಧಿ ಹೇಳುತ್ತದೆ, ಯಾರೂ ಓದುವುದಿಲ್ಲ. ಅಲ್ಲೇ ಕಮಿಟ್ ಮಾಡಿಬಿಟ್ಟಿದ್ದರೆ ಹೊರಬೀಳುವ ಮುಂಚೆ `ಗಿಟ್ ಸ್ವಿಚ್ -ಸಿ` ಎಂದು ಹೊಸ ಹೆಸರು ಕೊಡಿ, ಕೆಲಸ ಉಳಿಯುತ್ತದೆ.

## ನಿಮ್ಮದನ್ನು ಮೇಲೆ ಕಳಿಸುವುದು

ಹೊಸ ಬ್ರಾಂಚನ್ನು ಮೊದಲ ಸಲ ಕಳಿಸುವಾಗ `ಗಿಟ್ ಪುಶ್ -ಯು ಒರಿಜಿನ್ ಲಾಗಿನ್-ಫಿಕ್ಸ್`. ಆ ಯು ಅಕ್ಷರವೇ ನಿಮ್ಮ ಬ್ರಾಂಚಿಗೂ ಸರ್ವರ್‌ನದಕ್ಕೂ ನಂಟು ಹಾಕುವುದು. ಮುಂದೆ ಬರೀ `ಗಿಟ್ ಪುಶ್` ಸಾಕು. ಪ್ರತಿ ಬ್ರಾಂಚಿಗೂ ಇದನ್ನು ಬರೆಯಲು ಬೇಸರವಾದರೆ 2.37ರಲ್ಲಿ ಬಂದ `ಪುಶ್.ಆಟೋಸೆಟಪ್‌ರಿಮೋಟ್` ಎಂಬ ಸೆಟ್ಟಿಂಗನ್ನು ಟ್ರೂ ಮಾಡಿಕೊಳ್ಳಿ.

ಇಲ್ಲಿ ಕಣ್ಣಿಗೆ ಬೀಳದ ಗುಂಡಿಯೊಂದಿದೆ. ತಾಜಾ ಮೇನ್‌ನಿಂದ ಶುರು ಮಾಡೋಣ ಎಂದು ನಾವು `ಗಿಟ್ ಸ್ವಿಚ್ -ಸಿ ಲಾಗಿನ್-ಫಿಕ್ಸ್ ಒರಿಜಿನ್/ಮೇನ್` ಎನ್ನುತ್ತೇವೆ. ಅಭ್ಯಾಸ ಒಳ್ಳೆಯದೇ. ಆದರೆ ರಿಮೋಟ್ ಗುರುತಿನಿಂದ ಬ್ರಾಂಚ್ ಹೊರಡಿಸಿದ್ದರಿಂದ ಅದು `ಒರಿಜಿನ್/ಮೇನ್`ಅನ್ನೇ ಹಿಂಬಾಲಿಸಲು ಶುರುಮಾಡುತ್ತದೆ. ಆಮೇಲೆ ಬರೀ ಪುಶ್ ಕೊಟ್ಟರೆ, ನಿನ್ನ ಬ್ರಾಂಚಿನ ಹೆಸರೂ ಅಲ್ಲಿನ ಹೆಸರೂ ಹೊಂದುತ್ತಿಲ್ಲ ಎಂದು ಗಿಟ್ ತಡೆಯುತ್ತದೆ. ತಡೆಯುವುದು ನಮ್ಮ ಪುಣ್ಯ. 2014ರ 2.0 ಆವೃತ್ತಿಯಿಂದ ಪುಶ್‌ಗೆ ಸಿಂಪಲ್ ಎಂಬ ರೀತಿಯೇ ಮೂಲ ಸೆಟ್ಟಿಂಗ್ ಆಗಿರುವುದರಿಂದ ಈ ರಕ್ಷಣೆ ಇದೆ. ಆ ಸೆಟ್ಟಿಂಗನ್ನು ಅಪ್‌ಸ್ಟ್ರೀಮ್ (ಹಿಂಬಾಲಿಸುತ್ತಿರುವ ಬ್ರಾಂಚಿಗೇ ಕಳಿಸು) ಎಂದು ಬದಲಿಸಿಕೊಂಡವರ ಯಂತ್ರದಲ್ಲಿ ಅರೆಬೆಂದ ಕೆಲಸ ನೇರ ಮೇನ್‌ಗೆ ಹೋಗಿ ಕೂರುತ್ತದೆ. ಬ್ರಾಂಚ್ ಮಾಡುವಾಗಲೇ `--ನೋ-ಟ್ರ್ಯಾಕ್` ಸೇರಿಸಿದರೆ ಈ ತಾಪತ್ರಯವೇ ಇಲ್ಲ.

ಹೆಸರಿಡುವಾಗ ಎರಡು ಸಂಗತಿ. ಬ್ರಾಂಚ್ ಹೆಸರಿನಲ್ಲಿರುವ ಓರೆಗೆರೆಯನ್ನು ಗಿಟ್ ಫೋಲ್ಡರ್‌ನಂತೆ ಕಾಣುತ್ತದೆ. `ಫೀಚರ್` ಎಂಬ ಬ್ರಾಂಚ್ ಇದ್ದರೆ `ಫೀಚರ್/ಲಾಗಿನ್` ಹುಟ್ಟಿಸಲಾಗುವುದಿಲ್ಲ. ಒಂದೇ ಹೆಸರು ಫೈಲೂ ಫೋಲ್ಡರೂ ಆಗಲಾರದು. ಸರ್ವರ್‌ನಲ್ಲಿ ಮೊದಲನೆಯದನ್ನು ಯಾರೋ ಅಳಿಸಿ ಎರಡನೆಯದನ್ನು ಮಾಡಿದ್ದರೂ, ನಿಮ್ಮಲ್ಲಿ ಹಳೇ ಗುರುತು ಉಳಿದಿದ್ದರೆ ಫೆಚ್ ಮಾಡುವಾಗ "ಕೆನಾಟ್ ಲಾಕ್ ರೆಫ್" ಎಂದು ತಕರಾರು ತೆಗೆಯುತ್ತದೆ. `ಗಿಟ್ ರಿಮೋಟ್ ಪ್ರೂನ್ ಒರಿಜಿನ್` ಕೊಟ್ಟು ಮತ್ತೆ ಫೆಚ್ ಮಾಡಿ. ಎರಡನೆಯದು, ದೊಡ್ಡಕ್ಷರ ಸಣ್ಣಕ್ಷರದಲ್ಲಷ್ಟೇ ವ್ಯತ್ಯಾಸವಿರುವ ಎರಡು ಹೆಸರು ಬೇಡವೇ ಬೇಡ. ಲಿನಕ್ಸ್‌ನಲ್ಲಿ ಅವು ಬೇರೆ ಬೇರೆ, ವಿಂಡೋಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದರ ಮೇಲೊಂದು ಬಿದ್ದು ವಿಚಿತ್ರ ತೊಂದರೆ ಕೊಡುತ್ತವೆ. ಎಲ್ಲರೂ ಸಣ್ಣಕ್ಷರವೇ ಎಂದು ತಂಡದಲ್ಲಿ ಒಪ್ಪಿಕೊಳ್ಳಿ.

## ಪುಶ್ ತಿರಸ್ಕೃತವಾದಾಗ

"ರಿಜೆಕ್ಟೆಡ್, ಫೆಚ್ ಫಸ್ಟ್" ಎಂದೋ "ರಿಜೆಕ್ಟೆಡ್, ನಾನ್-ಫಾಸ್ಟ್-ಫಾರ್ವರ್ಡ್" ಎಂದೋ ಕೆಂಪಗೆ ಕಂಡಾಗ ಕೈ ತಾನಾಗಿ `--ಫೋರ್ಸ್` ಕಡೆ ಹೋಗುತ್ತದೆ. ಕೈ ಹಿಡಿದುಕೊಳ್ಳಿ. ನಿಮ್ಮ ಕೊನೆಯ ಫೆಚ್ ಆದ ಮೇಲೆ ಬೇರೆಯವರು ಅದೇ ಬ್ರಾಂಚಿಗೆ ಏನನ್ನೋ ಕಳಿಸಿದ್ದಾರೆ ಎಂದೋ, ಇಲ್ಲವೇ ನೀವೇ ರೀಬೇಸ್ ಅಥವಾ ಅಮೆಂಡ್ (ಕೊನೆಯ ಕಮಿಟ್ ತಿದ್ದುವುದು) ಮಾಡಿ ಹಳೇ ಕಮಿಟ್‌ಗಳನ್ನು ಬದಲಿಸಿದ್ದೀರಿ ಎಂದೋ ಇದರರ್ಥ. ಎರಡಕ್ಕೂ ಮದ್ದು ಬೇರೆ.

ಮೊದಲನೆಯದಾದರೆ ಫೆಚ್ ಮಾಡಿ, `ಗಿಟ್ ರೀಬೇಸ್ ಒರಿಜಿನ್/ಲಾಗಿನ್-ಫಿಕ್ಸ್` ಎನ್ನಿ. ಅವರ ಕಮಿಟ್‌ಗಳ ಮೇಲೆ ನಿಮ್ಮವು ಕೂರುತ್ತವೆ. ಮತ್ತೆ ಪುಶ್ ಮಾಡಿ, ಮುಗಿಯಿತು.

ಎರಡನೆಯದಾದರೆ ಸರ್ವರ್‌ನ ಬ್ರಾಂಚನ್ನು ಬಲವಂತವಾಗಿ ಬದಲಿಸದೆ ವಿಧಿಯಿಲ್ಲ. ಬರೀ ಫೋರ್ಸ್ ಎಂದರೆ "ಅಲ್ಲಿ ಏನಾದರೂ ಇರಲಿ, ನನ್ನದನ್ನು ಇಡು" ಎಂದ ಹಾಗೆ. `--ಫೋರ್ಸ್-ವಿತ್-ಲೀಸ್` ಸ್ವಲ್ಪ ಸಭ್ಯ: "ನಾನು ಕೊನೆಗೆ ನೋಡಿದಾಗ ಏನಿತ್ತೋ ಅದೇ ಈಗಲೂ ಇದ್ದರೆ ಮಾತ್ರ ಬದಲಿಸು." ನಡುವೆ ಬೇರೆಯವರು ಏನಾದರೂ ಕಳಿಸಿದ್ದರೆ ಪುಶ್ ನಿಲ್ಲುತ್ತದೆ. ಇದನ್ನು ತಿಳಿದವರು ತಾವು ಸುರಕ್ಷಿತ ಎಂದುಕೊಂಡು ನೆಮ್ಮದಿಯಾಗಿರುತ್ತಾರೆ. ನಾನೂ ಹಾಗೆಯೇ ಇದ್ದೆ.

ಒಂದು ದಿನ ನಾನೂ ಸಹೋದ್ಯೋಗಿಯೊಬ್ಬರೂ ಒಂದೇ ಬ್ರಾಂಚಿನಲ್ಲಿದ್ದೆವು. ನಾನು ರೀಬೇಸ್ ಮುಗಿಸಿ ಲೀಸ್ ಹಾಕಿಯೇ ಪುಶ್ ಮಾಡಿದೆ. ಯಾವ ತಕರಾರೂ ಬರಲಿಲ್ಲ. ಅರ್ಧ ಗಂಟೆಯ ನಂತರ ಅವರು ಬಂದು "ನನ್ನ ಎರಡು ಕಮಿಟ್ ಎಲ್ಲಿ ಹೋದವು?" ಎಂದರು. ಆದದ್ದು ಇಷ್ಟು: ನನ್ನ ಎಡಿಟರ್ ಕೆಲವು ನಿಮಿಷಕ್ಕೊಮ್ಮೆ ತನ್ನ ಪಾಡಿಗೆ ಹಿನ್ನೆಲೆಯಲ್ಲಿ ಫೆಚ್ ಮಾಡುತ್ತಿತ್ತು. ಅವರ ಎರಡು ಕಮಿಟ್‌ಗಳ ಸುದ್ದಿ ನನ್ನ ಯಂತ್ರಕ್ಕೆ ತಲುಪಿ, ಒರಿಜಿನ್ ಗುರುತು ಜರುಗಿತ್ತು. ಲೀಸ್ ಹೋಲಿಸುವುದು ಆ ಗುರುತಿನ ಜೊತೆ. ಯಂತ್ರ ನೋಡಿತ್ತು, ನಾನು ನೋಡಿರಲಿಲ್ಲ. ಗಿಟ್‌ಗೆ ಆ ವ್ಯತ್ಯಾಸ ತಿಳಿಯುವ ಬಗೆಯಿಲ್ಲ. ಅವರ ಯಂತ್ರದಲ್ಲಿ ಕಮಿಟ್‌ಗಳಿದ್ದವಾದ್ದರಿಂದ ಕೆಲಸವೇನೂ ಹಾಳಾಗಲಿಲ್ಲ, ನನ್ನ ಮುಖ ಮಾತ್ರ ಸಣ್ಣದಾಯಿತು.

ಅಂದಿನಿಂದ ಲೀಸ್ ಜೊತೆ `--ಫೋರ್ಸ್-ಇಫ್-ಇನ್‌ಕ್ಲೂಡ್ಸ್` ಸೇರಿಸುತ್ತೇನೆ. ಇದು 2.30ರಿಂದ ಇದೆ. ಸರ್ವರ್‌ನಿಂದ ಬಂದ ಕೊನೆಯ ಕಮಿಟ್ ನಿಮ್ಮ ಬ್ರಾಂಚಿನೊಳಗೆ ಯಾವಾಗಲಾದರೂ ನಿಜವಾಗಿ ಸೇರಿತ್ತೇ ಎಂದು ನಿಮ್ಮ ರೆಫ್‌ಲಾಗ್ (ಬ್ರಾಂಚ್‌ಗಳು ಯಾವಾಗ ಯಾವ ಕಮಿಟ್ ಮೇಲಿದ್ದವು ಎಂದು ನಿಮ್ಮ ಯಂತ್ರ ಇಡುವ ದಾಖಲೆ) ತೆಗೆದು ನೋಡುತ್ತದೆ. ಬರೀ ಫೆಚ್ ಆಗಿದ್ದರೆ ಸಾಲದು ಎನ್ನುತ್ತದೆ. ಎಡಿಟರಿನ ತಾನಾಗಿ ಫೆಚ್ ಮಾಡುವ ಸೌಲಭ್ಯವನ್ನು ನಿಲ್ಲಿಸುವುದೂ ಒಂದು ದಾರಿ. ನನಗದು ಕಿರಿಕಿರಿಗಿಂತ ಹೆಚ್ಚಿನ ಉಪಕಾರ ಮಾಡುವುದರಿಂದ ಹಾಗೇ ಬಿಟ್ಟಿದ್ದೇನೆ.

ಮೇನ್‌ನಂಥ ಎಲ್ಲರ ಬ್ರಾಂಚಿಗೆ ಈ ಯಾವ ಸಭ್ಯ ಫೋರ್ಸೂ ಬೇಡ. ಗಿಟ್ ಸರ್ವರ್ ಒದಗಿಸುವ ಗಿಟ್‌ಹಬ್, ಗಿಟ್‌ಲ್ಯಾಬ್‌ಗಳಲ್ಲಿ ಬ್ರಾಂಚನ್ನು ಪ್ರೊಟೆಕ್ಟ್ ಮಾಡುವ ಸೆಟ್ಟಿಂಗ್ ಇದೆ. ಸ್ವಂತ ಸರ್ವರ್ ನಡೆಸುವವರು `ರಿಸೀವ್.ಡಿನೈನಾನ್‌ಫಾಸ್ಟ್‌ಫಾರ್ವರ್ಡ್ಸ್` ಟ್ರೂ ಮಾಡಿದರೆ ಅಲ್ಲಿ ಯಾರ ಬಲವಂತವೂ ನಡೆಯುವುದಿಲ್ಲ.

## ಕಸ ಗುಡಿಸುವುದು

ಮರ್ಜ್ ಆದ ಬ್ರಾಂಚಿಗೆ ಸರ್ವರ್‌ನಲ್ಲಿ ಕೆಲಸವಿಲ್ಲ. `ಗಿಟ್ ಪುಶ್ ಒರಿಜಿನ್ --ಡಿಲೀಟ್ ಲಾಗಿನ್-ಫಿಕ್ಸ್` ಎಂದರೆ ಅಲ್ಲಿಂದ ಹೋಗುತ್ತದೆ. ಆದರೆ ತಂಡದ ಉಳಿದವರ ಯಂತ್ರಗಳಿಗೆ ಈ ಸುದ್ದಿ ತಲುಪುವುದಿಲ್ಲ. ಸಾಮಾನ್ಯ ಫೆಚ್ ಹೊಸದನ್ನು ತರುತ್ತದೆ, ಇಲ್ಲವಾದದ್ದನ್ನು ಅಳಿಸುವುದಿಲ್ಲ. ಅದಕ್ಕೆ `ಗಿಟ್ ಫೆಚ್ --ಪ್ರೂನ್` ಬೇಕು. ಪ್ರತಿ ಸಲ ನೆನಪಿಡಲಾರೆ ಎನ್ನುವವರಿಗೆ `ಗಿಟ್ ಕಾನ್ಫಿಗ್ --ಗ್ಲೋಬಲ್ ಫೆಚ್.ಪ್ರೂನ್ ಟ್ರೂ`.

ಪ್ರೂನ್ ತೆಗೆಯುವುದು ಒರಿಜಿನ್ ಸಾಲಿನ ಗುರುತುಗಳನ್ನು ಮಾತ್ರ. ಅದೇ ಹೆಸರಿನಲ್ಲಿ ನೀವು ಮಾಡಿಕೊಂಡ ಸ್ವಂತ ಬ್ರಾಂಚ್ ಹಾಗೇ ಇರುತ್ತದೆ. `ಗಿಟ್ ಬ್ರಾಂಚ್ -ವಿವಿ` ಪಟ್ಟಿಯಲ್ಲಿ ಅದರ ಪಕ್ಕ "ಗಾನ್" ಎಂದು ಬರೆದಿರುತ್ತದೆ. ಒಂದೊಂದನ್ನೂ ನೋಡಿ `ಗಿಟ್ ಬ್ರಾಂಚ್ -ಡಿ` ಎಂದು ಸಣ್ಣ ಡಿ ಬಳಸಿ ತೆಗೆಯಿರಿ. ನೀವೀಗ ಇರುವ ಬ್ರಾಂಚಿಗೆ ಸೇರದ ಕಮಿಟ್ ಅದರಲ್ಲಿದ್ದರೆ ಸಣ್ಣ ಡಿ ಒಪ್ಪುವುದಿಲ್ಲ, ದೊಡ್ಡ ಡಿ ಏನನ್ನೂ ಕೇಳದೆ ಅಳಿಸುತ್ತದೆ. ಸ್ಕ್ವಾಶ್ ಮಾಡಿ ಮರ್ಜ್ ಮಾಡುವ ತಂಡಗಳಲ್ಲಿ ಸಣ್ಣ ಡಿ ಸದಾ ತಗಾದೆ ತೆಗೆಯುತ್ತದೆ. ನಿಮ್ಮ ಐದಾರು ಕಮಿಟ್‌ಗಳು ಅಲ್ಲಿ ಒಂದೇ ಹೊಸ ಕಮಿಟ್ ಆಗಿ ಸೇರಿರುತ್ತವೆ. ಕೋಡ್ ಸೇರಿದ್ದರೂ ಆ ಕಮಿಟ್‌ಗಳು ಮೇನ್‌ನಲ್ಲಿ ಇಲ್ಲ ಎಂಬುದು ಗಿಟ್‌ನ ಲೆಕ್ಕ. ಆಗ ದೊಡ್ಡ ಡಿ ಬೇಕಾಗುತ್ತದೆ. ಬಳಸುವ ಮುಂಚೆ ಆ ಪುಲ್ ರಿಕ್ವೆಸ್ಟ್ (ಇದನ್ನು ಮೇನ್‌ಗೆ ಸೇರಿಸಿ ಎಂಬ ಕೋರಿಕೆ) ನಿಜವಾಗಿ ಮರ್ಜ್ ಆಗಿದೆಯೇ ಎಂದು ಕಣ್ಣಾರೆ ನೋಡಿ. "ಗಾನ್" ಎಂದು ಬರೆದದ್ದನ್ನೆಲ್ಲ ಒಟ್ಟಿಗೆ ದೊಡ್ಡ ಡಿ ಹಾಕಿ ಅಳಿಸುವ ಒಂದು ಸಾಲಿನ ಸ್ಕ್ರಿಪ್ಟ್‌ಗಳು ಓಡಾಡುತ್ತಿರುತ್ತವೆ. ನಾನವನ್ನು ಬಳಸುವುದಿಲ್ಲ.

ತಂಡದ ಒಟ್ಟು ಕಸ ಎಷ್ಟಿದೆ ಎಂದು ತಿಳಿಯಲು `ಗಿಟ್ ಬ್ರಾಂಚ್ -ಆರ್ --ಮರ್ಜ್ಡ್ ಒರಿಜಿನ್/ಮೇನ್`. ಹಳೆಯವು ಮೊದಲು ಬರುವಂತೆ ನೋಡಲು `ಗಿಟ್ ಬ್ರಾಂಚ್ -ಆರ್ --ಸಾರ್ಟ್=ಕಮಿಟರ್‌ಡೇಟ್`. ಪಟ್ಟಿ ಹಿಡಿದು ಆಯಾ ಬ್ರಾಂಚಿನವರನ್ನು ಕೇಳಿ. ಬೇರೆಯವರ ಬ್ರಾಂಚನ್ನು ಕೇಳದೆ ಅಳಿಸುವ ಹಕ್ಕು ಸರ್ವರ್ ಕೊಟ್ಟಿದ್ದರೂ ತಂಡ ಕೊಟ್ಟಿರುವುದಿಲ್ಲ.

## ಹೆಸರು ಬದಲಿಸುವುದು

ಸರ್ವರ್‌ನ ಬ್ರಾಂಚಿಗೆ ಹೊಸ ಹೆಸರಿಡುವ ಕಮಾಂಡ್ ಗಿಟ್‌ನಲ್ಲಿ ಇಲ್ಲ. ನಿಮ್ಮಲ್ಲಿ `ಗಿಟ್ ಬ್ರಾಂಚ್ -ಎಮ್ ಹಳೆಯದು ಹೊಸದು` ಎಂದು ಬದಲಿಸಿ, ಹೊಸದನ್ನು `-ಯು` ಹಾಕಿ ಪುಶ್ ಮಾಡಿ, ಹಳೆಯದನ್ನು ಸರ್ವರ್‌ನಿಂದ ಅಳಿಸಬೇಕು. ಯು ಮರೆತರೆ ನಿಮ್ಮ ಹೊಸ ಬ್ರಾಂಚ್ ಇನ್ನೂ ಹಳೇ ಹೆಸರನ್ನೇ ಹಿಂಬಾಲಿಸುತ್ತಿರುತ್ತದೆ. ಹಳೆಯದರ ಮೇಲೆ ತೆರೆದ ಪುಲ್ ರಿಕ್ವೆಸ್ಟ್ ಇದ್ದರೆ, ಬ್ರಾಂಚ್ ಅಳಿಸಿದ ಕೂಡಲೇ ಅದೂ ಮುಚ್ಚಿಹೋಗಬಹುದು. ಗಿಟ್‌ಹಬ್‌ನಂಥ ಕಡೆ ವೆಬ್ ಪುಟದಲ್ಲೇ ಹೆಸರು ಬದಲಿಸುವ ಸೌಲಭ್ಯ ಇರುವುದರಿಂದ ಅದನ್ನೇ ಬಳಸುವುದು ಲೇಸು.

ಮುಖ್ಯ ಬ್ರಾಂಚಿನ ಹೆಸರೇ ಬದಲಾದರೆ ಎಲ್ಲರೂ ಒಂದು ಸಲ ಕೈ ಹಾಕಬೇಕು. ಗಿಟ್‌ಹಬ್ 2020ರ ಅಕ್ಟೋಬರ್‌ನಿಂದ ಹೊಸ ರೆಪಾಸಿಟರಿಗಳ (ಯೋಜನೆಯ ಕೋಡ್ ಮತ್ತು ಇತಿಹಾಸದ ಭಂಡಾರಗಳ) ಮುಖ್ಯ ಬ್ರಾಂಚಿಗೆ ಮಾಸ್ಟರ್ ಬದಲು ಮೇನ್ ಎಂದು ಹೆಸರಿಡತೊಡಗಿತು. ಹಳೇ ಯೋಜನೆಗಳೂ ಬದಲಾದಾಗ ಎಷ್ಟೋ ಜನ ಇಡೀ ರೆಪಾಸಿಟರಿಯನ್ನು ಅಳಿಸಿ ಮತ್ತೆ ಕ್ಲೋನ್ ಮಾಡಿಕೊಂಡರು. ಅಷ್ಟೆಲ್ಲ ಬೇಡ. ನಿಮ್ಮ ಬ್ರಾಂಚಿನ ಹೆಸರು ಬದಲಿಸಿ, ಫೆಚ್ ಮಾಡಿ, `ಗಿಟ್ ಬ್ರಾಂಚ್ -ಯು ಒರಿಜಿನ್/ಮೇನ್ ಮೇನ್`, ಕೊನೆಗೆ `ಗಿಟ್ ರಿಮೋಟ್ ಸೆಟ್-ಹೆಡ್ ಒರಿಜಿನ್ -ಎ`.

## ತಪ್ಪಿ ಅಳಿಸಿದ್ದನ್ನು ಮರಳಿ ತರುವುದು

ಗುಡಿಸುವ ಭರದಲ್ಲಿ ಬೇಕಾದದ್ದನ್ನೇ ಸರ್ವರ್‌ನಿಂದ ಅಳಿಸಿದ್ದಾಯಿತು. ಅಳಿಸಿದವರ ಯಂತ್ರದಲ್ಲಿ ಆ ಬ್ರಾಂಚಿನ ಸ್ವಂತ ಪ್ರತಿ ಇದ್ದರೆ ಮತ್ತೆ ಪುಶ್ ಮಾಡಿದರೆ ಆಯಿತು. ಅದೂ ಇಲ್ಲದಿದ್ದರೆ `ಗಿಟ್ ರೆಫ್‌ಲಾಗ್` ತೆಗೆಯಿರಿ. ಎಂದಾದರೂ ಆ ಬ್ರಾಂಚಿಗೆ ಹೋಗಿ ಬಂದಿದ್ದರೆ ಕಮಿಟ್‌ನ ಗುರುತು ಅಲ್ಲಿ ಸಿಗುತ್ತದೆ. ರೆಫ್‌ಲಾಗ್ ಮೂಲ ಸೆಟ್ಟಿಂಗ್‌ನಲ್ಲಿ 90 ದಿನ ಉಳಿಯುತ್ತದೆ, ಯಾವ ಬ್ರಾಂಚಿಗೂ ಸೇರದೆ ಅನಾಥವಾದ ಕಮಿಟ್‌ಗಳ ದಾಖಲೆ 30 ದಿನ.

ಅಳಿಸಿದವರು ಆ ಬ್ರಾಂಚಿಗೆ ಒಮ್ಮೆಯೂ ಹೋಗಿರದಿದ್ದರೆ ರೆಫ್‌ಲಾಗ್‌ನಿಂದ ಏನೂ ಸಿಗದು. ಆಗ ತಂಡಕ್ಕೆ ಕೂಡಲೇ ಒಂದು ಸಂದೇಶ ಹಾಕಿ: ಯಾರೂ ಪ್ರೂನ್ ಮಾಡಬೇಡಿ. `ಫೆಚ್.ಪ್ರೂನ್` ಟ್ರೂ ಮಾಡಿಕೊಂಡವರು ಫೆಚ್ಚನ್ನೂ ಪುಲ್ಲನ್ನೂ ಮಾಡಬೇಡಿ, ಎಡಿಟರ್ ಮುಚ್ಚಿ. ಲೇಖನದ ಮೊದಲಲ್ಲಿ ತಲೆನೋವಾಗಿದ್ದ ಆ ಹಳೇ ಸುದ್ದಿ ಈಗ ಯಾರದೋ ಯಂತ್ರದಲ್ಲಿ ಉಳಿದಿದ್ದರೆ ಅದೇ ನಮ್ಮ ಆಸ್ತಿ. ಒಬ್ಬೊಬ್ಬರೂ `ಗಿಟ್ ಬ್ರಾಂಚ್ -ಆರ್` ಕೊಟ್ಟು ನೋಡಲಿ. ಗುರುತು ಸಿಕ್ಕವರು ಹೀಗೆ ಮಾಡಬೇಕು:

`ಗಿಟ್ ಪುಶ್ ಒರಿಜಿನ್ ಒರಿಜಿನ್/ಲಾಗಿನ್-ಫಿಕ್ಸ್:ರೆಫ್ಸ್/ಹೆಡ್ಸ್/ಲಾಗಿನ್-ಫಿಕ್ಸ್`

ಬಲಗಡೆ `ರೆಫ್ಸ್/ಹೆಡ್ಸ್/` ಬಿಟ್ಟರೆ ಗಿಟ್ ಒಪ್ಪುವುದಿಲ್ಲ. ಎಡಗಡೆ ಇರುವುದು ಬ್ರಾಂಚೂ ಅಲ್ಲ, ಟ್ಯಾಗೂ ಅಲ್ಲ. ಹಾಗಾಗಿ ಸರ್ವರ್‌ನಲ್ಲಿ ಅದನ್ನು ಏನಾಗಿ ಹುಟ್ಟಿಸಬೇಕೆಂದು ನೀವೇ ಪೂರ್ತಿ ಹೇಳಬೇಕು. ಪುಶ್ ಮುಗಿದ ಮೇಲೆ `ಗಿಟ್ ಎಲ್‌ಎಸ್-ರಿಮೋಟ್ --ಹೆಡ್ಸ್ ಒರಿಜಿನ್` ಕೊಟ್ಟು ಸರ್ವರನ್ನೇ ಕೇಳಿ ಖಚಿತಪಡಿಸಿಕೊಂಡು, ಆಮೇಲೆ ಎಲ್ಲರಿಗೂ ಎಡಿಟರ್ ತೆರೆಯಲು ಹೇಳಿ.